ಒಂದು ಲೋಟ ಕಾಫಿ, ಒಂದು ಚೂರು ಬ್ಲಾಟಿಂಗ್ ಪೇಪರ್

ಪೋರ್ ಓವರ್ ಕಾಫಿ ಅಂದ ಕೂಡಲೇ ನಮ್ಮಲ್ಲಿ ಹಲವರು ಮೂಗು ಮುರಿಯುತ್ತಾರೆ. ಗಡ್ಡ ಬಿಟ್ಟ ಹುಡುಗರು ಪುಡಿಯನ್ನು ಚಿನ್ನ ತೂಗಿದ ಹಾಗೆ ತೂಗಿ, ಕೊಕ್ಕರೆ ಕತ್ತಿನಂಥ ಕೆಟಲ್ ಹಿಡಿದು ಸಣ್ಣಗೆ ನೀರು ಸುರಿದು, ಕೊನೆಗೆ ಹಾಲೂ ಇಲ್ಲದ ಸಕ್ಕರೆಯೂ ಇಲ್ಲದ ಒಂದು ಲೋಟ ಕರಿ ನೀರಿಗೆ ಊಟದಷ್ಟು ದುಡ್ಡು ಕೀಳುವ ಶೋಕಿ ಅನ್ನೋದು ಸಾಮಾನ್ಯ ಅಭಿಪ್ರಾಯ. ನಮ್ಮ ಆಫೀಸಿನಲ್ಲಂತೂ ಇದಕ್ಕೆ ‘ಅಭಿಷೇಕ’ ಅಂತಲೇ ಹೆಸರಿಟ್ಟಿದ್ದಾರೆ. ಶೋಕಿ ಸ್ವಲ್ಪ ಇರೋದು ನಿಜ, ಇಲ್ಲ ಅನ್ನಲ್ಲ. ಆದರೆ ಇದು ನಿನ್ನೆ ಮೊನ್ನೆಯದ್ದಲ್ಲ, ಕೆಫೆಯಲ್ಲಿ ಹುಟ್ಟಿದ್ದೂ ಅಲ್ಲ. ನೂರು ವರ್ಷಕ್ಕೂ ಹಿಂದೆ ಒಬ್ಬ ಗೃಹಿಣಿಯ ಅಡುಗೆಮನೆಯಲ್ಲಿ ಶುರುವಾದ ಕಥೆ ಇದು. ಸುತ್ತಿ ಬಳಸಿ ನಮ್ಮ ಮಲೆನಾಡಿನ ತೋಟಗಳವರೆಗೂ ಬರುತ್ತದೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಆಲಿಕೆಯ ಆಕಾರದ ಒಂದು ಪಾತ್ರೆ, ಅದರೊಳಗೆ ಕಾಗದದ ಫಿಲ್ಟರ್, ಅದರಲ್ಲಿ ಸುಮಾರು 15 ಗ್ರಾಂ ಕಾಫಿ ಪುಡಿ. ಮೊದಲು ಪುಡಿ ನೆನೆಯುವಷ್ಟು ಬಿಸಿನೀರು ಹಾಕಿ ಅರ್ಧ ನಿಮಿಷ ಬಿಡಬೇಕು. ಹುರಿದ ಬೀಜದೊಳಗೆ ಸಿಕ್ಕಿಕೊಂಡಿರುವ ಇಂಗಾಲದ ಡೈ ಆಕ್ಸೈಡ್ ಹೊರಬಂದು ಪುಡಿ ಇಡ್ಲಿ ಹಿಟ್ಟಿನ ಹಾಗೆ ಉಬ್ಬುತ್ತದೆ. (ಉಬ್ಬಲಿಲ್ಲ ಅಂದರೆ ಪುಡಿ ಹಳೆಯದು ಅಂತ ಅರ್ಥ, ಅಂಗಡಿಯವನು ಏನೇ ಹೇಳಲಿ.) ಆಮೇಲೆ ಉಳಿದ ನೀರನ್ನು ನಿಧಾನಕ್ಕೆ ಸುರಿಯುವುದು. ಒಟ್ಟು 240 ಮಿಲಿ ನೀರು, ಮೂರು ನಿಮಿಷ, ಒಂದೇ ಲೋಟ. ಇಷ್ಟೇ.

ಇನ್ನು ಚರಿತ್ರೆ. ಮೊದಲ ಕೆಲವು ಶತಮಾನ ಜಗತ್ತು ಕಾಫಿಯನ್ನು ಕುದಿಸಿಯೇ ಕುಡಿಯಿತು. ಪುಡಿ ಹಾಕು, ಕುದಿಸು, ಗಸಿ ತಳಕ್ಕಿಳಿಯುವವರೆಗೆ ಕಾಯಿ, ಕುಡಿ. ಮೇಲಿಂದ ಬಿಸಿನೀರು ಹಾಕಿ ತೊಟ್ಟಿಕ್ಕಿಸುವ ಪಾತ್ರೆ ಫ್ರಾನ್ಸಿನಲ್ಲಿ ಜನಪ್ರಿಯವಾಗಿದ್ದು 1800ರ ಆಸುಪಾಸಿನಲ್ಲಿ, ಪ್ಯಾರಿಸ್ಸಿನ ಆರ್ಚ್‌ಬಿಷಪ್ ದ ಬೆಲ್ವಾ ಹೆಸರಿನಲ್ಲಿ. ಒಂದರ ಮೇಲೊಂದು ಎರಡು ಪಾತ್ರೆ, ಮೇಲಿನದರ ತಳದಲ್ಲಿ ಸಣ್ಣ ತೂತುಗಳು. ಎಲ್ಲೋ ನೋಡಿದ ಹಾಗಿದೆಯಲ್ಲ? ನಮ್ಮ ಮನೆಗಳ ಸ್ಟೀಲ್ ಫಿಲ್ಟರ್ ಕೂಡ ಇದೇ ಜಾತಿಯದ್ದು.

ಇದರ ಹಿಂದೆ ವಿಜ್ಞಾನ ಹುಡುಕಿದವನು ಕೌಂಟ್ ರಮ್‌ಫರ್ಡ್. ಹೆಸರು ಕೇಳಿದ ನೆನಪಿದೆಯಾ? ಫಿರಂಗಿಯ ನಳಿಗೆ ಕೊರೆಯುವಾಗ ಹುಟ್ಟುವ ಶಾಖವನ್ನು ನೋಡಿ, ಶಾಖ ಅನ್ನೋದು ಒಂದು ದ್ರವ್ಯವಲ್ಲ, ಒಂದು ಬಗೆಯ ಚಲನೆ ಅಂತ 1798ರಲ್ಲಿ ವಾದಿಸಿದನಲ್ಲ, ಅದೇ ಪುಣ್ಯಾತ್ಮ. 1812ರಲ್ಲಿ ಈತ ಕಾಫಿಯ ಬಗ್ಗೆಯೇ ಒಂದು ಉದ್ದನೆಯ ಪ್ರಬಂಧ ಬರೆದ. ಕುದಿಸಿದರೆ ಪರಿಮಳ ಹಾರಿಹೋಗುತ್ತದೆ, ಹಾಗಾಗಿ ಕುದಿಯದ ಬಿಸಿನೀರನ್ನು ಪುಡಿಯ ಮೂಲಕ ಇಳಿಸಬೇಕು ಅನ್ನೋದು ಅವನ ವಾದ. ಇವತ್ತು ಪೋರ್ ಓವರ್ ಪಂಡಿತರು ಥರ್ಮಾಮೀಟರ್ ಹಿಡಿದು ಹೇಳುವುದರಲ್ಲಿ ಅರ್ಧ ಭಾಗ ಅಲ್ಲೇ ಇದೆ.

ಆದರೆ ತೂತಿನ ಪಾತ್ರೆಗೆ ಒಂದು ತೊಂದರೆ. ತೂತು ದೊಡ್ಡದಾದರೆ ಗಸಿ ಇಳಿಯುತ್ತದೆ, ಚಿಕ್ಕದಾದರೆ ಕಟ್ಟಿಕೊಳ್ಳುತ್ತದೆ. ಬಟ್ಟೆ ಕಟ್ಟಿದರೆ ಅದನ್ನು ದಿನಾ ತೊಳೆಯಬೇಕು, ಸರಿಯಾಗಿ ತೊಳೆಯದಿದ್ದರೆ ನಿನ್ನೆಯ ಕಾಫಿಯ ಮುಗ್ಗಲು ವಾಸನೆ ಇವತ್ತಿನ ಕಾಫಿಗೆ.

ಇದಕ್ಕೆ ಉತ್ತರ ಸಿಕ್ಕಿದ್ದು ಜರ್ಮನಿಯ ಡ್ರೆಸ್ಡೆನ್ ಊರಿನ ಮೆಲಿಟಾ ಬೆಂಟ್ಜ್ ಎಂಬ ಹೆಣ್ಣುಮಗಳಿಗೆ. 1873ರಲ್ಲಿ ಹುಟ್ಟಿದ ಆಕೆಗೆ ಆಗ 35 ವರ್ಷ. ಎಂಜಿನಿಯರ್ ಅಲ್ಲ, ರಸಾಯನಶಾಸ್ತ್ರ ಓದಿದವಳೂ ಅಲ್ಲ. ಲೋಟದ ತಳದ ಗಸಿ ಮತ್ತು ಕಹಿಯಿಂದ ರೋಸಿಹೋಗಿದ್ದಳು ಅಷ್ಟೇ. ಒಂದು ಹಿತ್ತಾಳೆ ಪಾತ್ರೆ ತೆಗೆದುಕೊಂಡು ಮೊಳೆಯಿಂದ ತಳಕ್ಕೆ ತೂತು ಹೊಡೆದಳು. ಮಗ ವಿಲ್ಲಿಯ ಶಾಲೆಯ ಪುಸ್ತಕದಿಂದ ಒಂದು ಬ್ಲಾಟಿಂಗ್ ಪೇಪರ್ ಹರಿದು ಅದರೊಳಗಿಟ್ಟಳು. ಶಾಯಿ ಪೆನ್ನಿನ ಕಾಲದವರಿಗೆ ಈ ಹೀರುವ ಕಾಗದ ಗೊತ್ತಿರುತ್ತದೆ, ನಮ್ಮ ತಲೆಮಾರಿಗೆ ಅಪರೂಪ. ಪುಡಿ ಹಾಕಿ ನೀರು ಸುರಿದಳು. ಕೆಳಗಿಳಿದ ಕಾಫಿಯಲ್ಲಿ ಗಸಿಯೇ ಇಲ್ಲ! ಚರಟವನ್ನು ಕಾಗದದ ಸಮೇತ ಎತ್ತಿ ಬಿಸಾಕಿದರೆ ತೊಳೆಯುವ ಕೆಲಸವೂ ಇಲ್ಲ.

ಇಂಥ ಜುಗಾಡು ಜಗತ್ತಿನ ಎಷ್ಟು ಅಡುಗೆಮನೆಗಳಲ್ಲಿ ನಡೆದಿದೆಯೋ. ನಮ್ಮ ಅಜ್ಜಿಯಂದಿರು ಮಾಡಿದ್ದಕ್ಕೆಲ್ಲ ಪೇಟೆಂಟ್ ತೆಗೆಸಿದ್ದರೆ ನಾವೆಲ್ಲ ಕೋಡ್ ಬರೆಯುತ್ತಾ ಕೂರಬೇಕಾಗಿರಲಿಲ್ಲ ಬಿಡಿ. ಮೆಲಿಟಾ ಬೇರೆಯಾಗಿ ನಿಲ್ಲುವುದು ಅಲ್ಲೇ. ಬರ್ಲಿನ್ನಿನ ಪೇಟೆಂಟ್ ಕಚೇರಿಯಲ್ಲಿ ತನ್ನ ಹೆಸರಿನಲ್ಲೇ ಅದನ್ನು ನೋಂದಾಯಿಸಿದಳು. ದಿನಾಂಕ 1908ರ ಜೂನ್ 20. ಅದೇ ಡಿಸೆಂಬರಿನಲ್ಲಿ ಒಂದು ಮಾರ್ಕ್‌ಗೂ ಕಡಿಮೆ ಬಂಡವಾಳ ತೋರಿಸಿ ಕಂಪನಿ ಶುರು. ಆಫೀಸು, ಗೋಡೌನು ಎಲ್ಲಾ ಮನೆಯೇ. ಗಂಡ ಹ್ಯೂಗೋ, ಮಕ್ಕಳಾದ ವಿಲ್ಲಿ ಮತ್ತು ಹೋರ್ಸ್ಟ್ ಎಲ್ಲರೂ ಕೆಲಸಕ್ಕೆ. ಮರುವರ್ಷವೇ ಲೈಪ್ಜಿಗ್ ಜಾತ್ರೆಯಲ್ಲಿ ಸಾವಿರಕ್ಕೂ ಹೆಚ್ಚು ಫಿಲ್ಟರ್ ಮಾರಾಟವಾದವು. ನಮ್ಮ ಸ್ಟಾರ್ಟಪ್ ಗುರುಗಳು ಗ್ಯಾರೇಜಿನ ಕಥೆ ಹೇಳುವಾಗ ಈ ಅಡುಗೆಮನೆಯನ್ನೂ ಒಮ್ಮೆ ನೆನೆಯಬಹುದು.

ಮುಂದೆ ಎಲ್ಲ ಸುಖವಾಗಿತ್ತು ಅಂದುಕೊಳ್ಳಬೇಡಿ. ಮೊದಲ ಮಹಾಯುದ್ಧದಲ್ಲಿ ಗಂಡ ಸೈನ್ಯಕ್ಕೆ, ಲೋಹ ಯುದ್ಧಕ್ಕೆ, ಕಾಗದಕ್ಕೆ ರೇಷನ್, ದಿಗ್ಬಂಧನದಿಂದ ಕಾಫಿ ಬೀಜವೇ ಇಲ್ಲ. ರಟ್ಟಿನ ಪೆಟ್ಟಿಗೆ ಮಾರಿ ಸಂಸಾರ ತೂಗಿಸಿದಳು. 1929ರಲ್ಲಿ ಕಂಪನಿ ಮಿಂಡೆನ್ ಊರಿಗೆ ಹೋಯಿತು. ಇವತ್ತು ಎಲ್ಲೆಡೆ ಕಾಣುವ ಆಲಿಕೆಯ ಆಕಾರ ಮತ್ತು ಅದಕ್ಕೆ ಹೊಂದುವ ಕಾಗದದ ಚೀಲ ಬಂದಿದ್ದು 1930ರ ದಶಕದಲ್ಲಿ. ಕೆಲಸಗಾರರಿಗೆ ಐದು ದಿನದ ವಾರ, ಹೆಚ್ಚು ರಜೆ, ಕ್ರಿಸ್‌ಮಸ್ ಬೋನಸ್ ಕೊಟ್ಟರು ಅಂತ ಕಂಪನಿಯ ಚರಿತ್ರೆ ಹೆಮ್ಮೆಯಿಂದ ಹೇಳುತ್ತದೆ. ಅದು ಸರಿ. ಆದರೆ ಅದರ ಪಕ್ಕದಲ್ಲೇ ಇನ್ನೊಂದನ್ನೂ ಹೇಳಬೇಕು. ಅಷ್ಟು ಹೊತ್ತಿಗೆ ಕಂಪನಿ ನಡೆಸುತ್ತಿದ್ದ ಮಗ ಹೋರ್ಸ್ಟ್ ನಾಜಿ ಪಕ್ಷದ ಸದಸ್ಯ. 1941ರಲ್ಲಿ ನಾಜಿ ಸರ್ಕಾರ ಈ ಕಾರ್ಖಾನೆಗೆ ‘ಮಾದರಿ ಉದ್ಯಮ’ ಎಂಬ ಬಿರುದು ಕೊಟ್ಟಿತ್ತು. ಮೊಳೆ ಮತ್ತು ಬ್ಲಾಟಿಂಗ್ ಪೇಪರಿನ ಮುದ್ದಾದ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇದನ್ನು ನುಂಗಿಬಿಡುತ್ತಾರೆ. ಮೆಲಿಟಾ ತೀರಿಕೊಂಡಿದ್ದು 1950ರಲ್ಲಿ.

ಅದೇ 1941ರಲ್ಲಿ ಅಟ್ಲಾಂಟಿಕ್ಕಿನ ಆಚೆ ಇನ್ನೊಬ್ಬ ಜರ್ಮನ್ ಕಾಫಿಯ ವಿಷಯಕ್ಕೆ ಪೇಟೆಂಟ್ ಪಡೆದ. ಹೆಸರು ಪೀಟರ್ ಶ್ಲುಂಬೋಮ್, ಓದಿದ್ದು ರಸಾಯನಶಾಸ್ತ್ರ, 1930ರ ದಶಕದಲ್ಲಿ ಅಮೆರಿಕಕ್ಕೆ ವಲಸೆ ಹೋಗಿದ್ದವನು. ಲ್ಯಾಬಿನ ಆಲಿಕೆ ಮತ್ತು ಫ್ಲಾಸ್ಕ್ ಎರಡನ್ನೂ ಸೇರಿಸಿ ಒಂದೇ ಗಾಜಿನ ಪಾತ್ರೆ ಮಾಡಿದ. ಅದೇ ಕೆಮೆಕ್ಸ್. ಕೈ ಸುಡದಿರಲಿ ಅಂತ ಸೊಂಟಕ್ಕೆ ಮರದ ಪಟ್ಟಿ, ಅದನ್ನು ಬಿಗಿಯಲು ಚರ್ಮದ ದಾರ. ನನಗೆ ಇಷ್ಟವಾದದ್ದು ಅದರ ಒಂದು ಸಣ್ಣ ಉಪಾಯ: ಒದ್ದೆ ಕಾಗದ ಗಾಜಿಗೆ ಅಂಟಿಕೊಂಡರೆ ಕೆಳಗಿನ ಗಾಳಿಗೆ ಹೊರಬರಲು ದಾರಿ ಇಲ್ಲದೆ ಕಾಫಿ ಇಳಿಯುವುದೇ ನಿಲ್ಲುತ್ತದೆ. ಅದಕ್ಕೇ ಒಂದು ಕಡೆ ಉದ್ದಕ್ಕೆ ಗಾಳಿಯ ಕಾಲುವೆ ಬಿಟ್ಟ. ಕಾಫಿ ಬಗ್ಗಿಸುವಾಗ ಅದೇ ಕಾಲುವೆ ಮೂತಿಯಾಗುತ್ತದೆ. ಒಂದೇ ಭಾಗ, ಎರಡು ಕೆಲಸ! ಯುದ್ಧಕಾಲದಲ್ಲಿ ಲೋಹಕ್ಕೆ ಬರ ಬಂದಾಗ ಗಾಜು ಮತ್ತು ಮರದ ಈ ಪಾತ್ರೆಗೆ ಅನುಕೂಲವೇ ಆಯಿತು. ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ 1942ರಲ್ಲಿ ಯುದ್ಧಕಾಲದ ಉಪಯುಕ್ತ ವಸ್ತುಗಳ ಪ್ರದರ್ಶನದಲ್ಲಿ ಇದನ್ನಿಟ್ಟಿತು. ಇಯಾನ್ ಫ್ಲೆಮಿಂಗ್ 1957ರ ಕಾದಂಬರಿಯೊಂದರಲ್ಲಿ ಜೇಮ್ಸ್ ಬಾಂಡ್‌ಗೂ ಕೆಮೆಕ್ಸ್ ಕಾಫಿಯನ್ನೇ ಕುಡಿಸಿದ್ದಾನೆ.

ಆಮೇಲೆ ಮೆಷಿನ್ ಬಂತು. 1954ರಲ್ಲಿ ಜರ್ಮನಿಯಲ್ಲಿ ವಿಗೋಮಾಟ್ ಎಂಬ ವಿದ್ಯುತ್ ಡ್ರಿಪ್ ಯಂತ್ರಕ್ಕೆ ಪೇಟೆಂಟ್ ಸಿಕ್ಕಿತು, 1972ರಲ್ಲಿ ಅಮೆರಿಕದ ಮನೆಗಳಿಗೆ ಮಿಸ್ಟರ್ ಕಾಫಿ ಬಂತು. ಸ್ವಿಚ್ ಒತ್ತಿದರೆ ಹನ್ನೆರಡು ಲೋಟಕ್ಕೆ ಆಗುವ ಯಂತ್ರವಿರುವಾಗ ಒಂದು ಲೋಟಕ್ಕೆ ಮೂರು ನಿಮಿಷ ಯಾರು ನಿಲ್ಲುತ್ತಾರೆ? ಕೈಯಲ್ಲಿ ಸುರಿಯುವ ಕಾಫಿ ಅಲ್ಲಿಗೆ ಮೂಲೆ ಸೇರಿತು.

ಅದನ್ನು ಉಳಿಸಿಕೊಂಡವರು ಜಪಾನಿನವರು. ಅಲ್ಲಿನ ಹಳೇ ಕಾಫಿ ಅಂಗಡಿಗಳಿಗೆ ಕಿಸ್ಸಾತೆನ್ ಅನ್ನುತ್ತಾರೆ. ಯುದ್ಧದಲ್ಲಿ ನಿಂತುಹೋಗಿದ್ದ ಕಾಫಿ ಆಮದು ಮತ್ತೆ ಶುರುವಾಗಿದ್ದು 1950ರಲ್ಲಿ, ಹಸಿ ಬೀಜದ ಆಮದು ಮುಕ್ತವಾಗಿದ್ದು 1960ರಲ್ಲಿ. ಸುಲಭಕ್ಕೆ ಸಿಗದ ವಸ್ತುವನ್ನು ಒಂದೊಂದೇ ಲೋಟ ಜತನದಿಂದ ಮಾಡುವುದು ಸಹಜವೇ. ಟೋಕಿಯೋದ ಗಿಂಜಾದಲ್ಲಿ ‘ಕಾಫೆ ದ ಲಾಂಬ್ರ್’ ಎಂಬ ಅಂಗಡಿ ಇದೆ. ಇಚಿರೋ ಸೆಕಿಗುಚಿ ಅದನ್ನು ತೆರೆದಿದ್ದು 1948ರಲ್ಲಿ. ಅಲ್ಲಿ ಕಾಫಿ ಬಿಟ್ಟು ಬೇರೇನೂ ಇಲ್ಲ ಅನ್ನೋದು ಬೋರ್ಡಿನಲ್ಲೇ ಇದೆ. ಸೆಕಿಗುಚಿಯವರು 2018ರಲ್ಲಿ ತೀರಿಕೊಂಡಾಗ ಅವರಿಗೆ 103 ವರ್ಷ. ಅಲ್ಲಿ ಸೋಸುವುದು ಕಾಗದದಲ್ಲಲ್ಲ, ಫ್ಲಾನೆಲ್ ಬಟ್ಟೆಯಲ್ಲಿ. ನಮ್ಮ ಮಲೆನಾಡು, ಕೊಡಗಿನ ಮನೆಗಳಲ್ಲಿ ಬೆಲ್ಲದ ಕಾಫಿಯನ್ನು ಬಟ್ಟೆಯಲ್ಲಿ ಸೋಸುತ್ತಾರಲ್ಲ, ಅದರ ಟೋಕಿಯೋ ಅಣ್ಣ ಅನ್ನಿ.

ಕಾಗದದ ಕಡೆಯಲ್ಲಿ 1958ರಲ್ಲಿ ಕಾಲಿಟಾ ಕಂಪನಿ, ಮೂರು ತೂತಿನ ಆಲಿಕೆ. ಕೊನೆಗೆ ಹಾರಿಯೋ. ಇದು 1921ರಲ್ಲಿ ಶುರುವಾದ, ಲ್ಯಾಬಿಗೆ ಗಾಜಿನ ಸಾಮಾನು ಮಾಡುತ್ತಿದ್ದ ಕಂಪನಿ. ಈ ಶತಮಾನದ ಮೊದಲ ದಶಕದ ನಡುವಿನಲ್ಲಿ ವಿ60 ಎಂಬ ಆಲಿಕೆ ತಂದಿತು. 60 ಡಿಗ್ರಿ ಕೋನ, ಒಳಗೆ ಸುರುಳಿಯಾಕಾರದ ಗೆರೆಗಳು, ತಳದಲ್ಲಿ ಹೆಬ್ಬೆರಳು ತೂರುವಷ್ಟು ದೊಡ್ಡ ಒಂದೇ ತೂತು.

ಎಂಜಿನಿಯರ್ ಕಣ್ಣಿಗೆ ನಿಜವಾದ ಸ್ವಾರಸ್ಯ ಈ ತೂತಿನಲ್ಲಿದೆ. ಈಗಿನ ಮೆಲಿಟಾ ಆಲಿಕೆಗೆ ಒಂದೇ ಚಿಕ್ಕ ತೂತು. ನೀವು ಹೇಗೇ ಸುರಿಯಿರಿ, ಕಾಫಿ ಎಷ್ಟು ವೇಗದಲ್ಲಿ ಇಳಿಯಬೇಕು ಅಂತ ತೀರ್ಮಾನಿಸುವುದು ತೂತು. ಗಡಿಬಿಡಿಯ ಬೆಳಗಿಗೆ ಒಗ್ಗುವ ಡಿಸೈನ್ ಅದು, ಯಾರು ಮಾಡಿದರೂ ಹೆಚ್ಚುಕಡಿಮೆ ಒಂದೇ ರುಚಿ. ವಿ60ಯಲ್ಲಿ ತೂತು ಯಾವುದನ್ನೂ ತಡೆಯುವುದಿಲ್ಲ. ಎಲ್ಲವೂ ಪುಡಿ ಎಷ್ಟು ಸಣ್ಣಗಿದೆ, ಕೈ ಹೇಗೆ ಸುರಿಯುತ್ತದೆ ಅನ್ನುವುದರ ಮೇಲೆ. ಮೆಲಿಟಾ ತಪ್ಪು ಮಾಡಲು ಬಿಡುವುದಿಲ್ಲ, ವಿ60 ಧಾರಾಳವಾಗಿ ಬಿಡುತ್ತದೆ :-) ಇಂಥ ಪಾತ್ರೆಗೇ ಜನ ಮುಗಿಬಿದ್ದರು. 2002ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬ್ಲೂ ಬಾಟಲ್ ಶುರು ಮಾಡಿದ ಜೇಮ್ಸ್ ಫ್ರೀಮನ್‌ನಂಥವರು ಕಿಸ್ಸಾತೆನ್‌ಗಳ ಋಣವನ್ನು ಬಾಯಿಬಿಟ್ಟು ಒಪ್ಪಿಕೊಂಡಿದ್ದಾರೆ. ಅಲ್ಲಿಂದ ಬೆಂಗಳೂರಿಗೆ. ಜರ್ಮನಿಯ ಅಡುಗೆಮನೆಯ ಸಾಮಾನು ಜಪಾನಿಗೆ ಹೋಗಿ, ಅಮೆರಿಕ ಸುತ್ತಿ, ಇಂದಿರಾನಗರದಲ್ಲಿ ಇಳಿಯಿತು.

ಅಂದ ಹಾಗೆ ಬ್ಲಾಟಿಂಗ್ ಪೇಪರ್ ಇನ್ನೊಂದು ಕೆಲಸವನ್ನೂ ಸದ್ದಿಲ್ಲದೆ ಮಾಡುತ್ತಿತ್ತು. ಕುದಿಸಿದ, ಸೋಸದ ಕಾಫಿ ಕೊಲೆಸ್ಟರಾಲ್ ಏರಿಸುತ್ತದೆ ಎಂದು 1980, 90ರ ದಶಕಗಳಲ್ಲಿ ನಾರ್ವೆ ಮತ್ತು ನೆದರ್ಲ್ಯಾಂಡ್ಸ್‌ನ ಸಂಶೋಧಕರು ತೋರಿಸಿದರು. ಕಾರಣ ಕಾಫಿಯ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಂಬ ವಸ್ತು. ಕಾಗದ ಅದರ ಬಹುಭಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಸರಿ, ಇದರಲ್ಲಿ ನಮ್ಮ ತೋಟಗಳು ಎಲ್ಲಿ ಬಂದವು?

ಹಾಲು, ಸಕ್ಕರೆ, ಚಿಕೋರಿ ಯಾವುದೂ ಇಲ್ಲದ ಒಂದು ಲೋಟ ಕಾಫಿಯಲ್ಲಿ ಕುಡಿಯುವವನಿಗೆ ಸಿಗುವುದು ಬೀಜದ ರುಚಿ ಮಾತ್ರ. ಹಾಗಾಗಿ ಬೀಜ ಯಾವ ತೋಟದ್ದು ಎಂಬ ಪ್ರಶ್ನೆ ಏಳುತ್ತದೆ. ಭಾರತದಲ್ಲಿ ಬಹಳ ಕಾಲ ಈ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಎರಡನೇ ಮಹಾಯುದ್ಧದಿಂದ ಯೂರೋಪಿನ ಮಾರುಕಟ್ಟೆ ಮುಚ್ಚಿ ನಮ್ಮ ಬೆಳೆಗಾರರು ಕಂಗಾಲಾದಾಗ ಸರ್ಕಾರ 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಫಿ ಕಾಯ್ದೆ ತಂದಿತು. ಕೆಮೆಕ್ಸ್ ಹುಟ್ಟಿದ ಅವೇ ವರ್ಷಗಳು. ಬೆಳೆದ ಕಾಫಿಯನ್ನೆಲ್ಲ ಪೂಲ್‌ಗೆ ಒಪ್ಪಿಸಬೇಕು. ಅಲ್ಲಿ ಗ್ರೇಡ್ ಪ್ರಕಾರ ಎಲ್ಲರದ್ದೂ ಬೆರೆಯುತ್ತದೆ, ಕಾಫಿ ಬೋರ್ಡ್ ಮಾರುತ್ತದೆ, ಹಣ ಕಂತಿನಲ್ಲಿ ಬರುತ್ತದೆ. ಪ್ಲಾಂಟೇಶನ್ ಎ, ಪೀಬೆರಿ ಅಂತ ಇವತ್ತಿಗೂ ಕಾಫಿ ಪುಡಿ ಅಂಗಡಿಯ ಬೋರ್ಡಿನಲ್ಲಿ ಓದುತ್ತೇವಲ್ಲ, ಅವು ಗ್ರೇಡಿನ ಹೆಸರು. ತೋಟಕ್ಕೆ ಹೆಸರಿರಲಿಲ್ಲ.

ಪೂಲ್ ವ್ಯವಸ್ಥೆಯನ್ನು ಸಾರಾಸಗಟಾಗಿ ಬಯ್ಯುವುದು ಅನ್ಯಾಯ. ಯುದ್ಧಕಾಲದಲ್ಲಿ ಅದು ಬೆಳೆಗಾರರನ್ನು ಉಳಿಸಿತು. ಆದರೆ ಚೆನ್ನಾಗಿ ಬೆಳೆದು ಚೆನ್ನಾಗಿ ಒಣಗಿಸಿದವನ ಬೀಜಕ್ಕೂ ಪಕ್ಕದವನ ಬೀಜಕ್ಕೂ ಗ್ರೇಡಿನಾಚೆಗೆ ವ್ಯತ್ಯಾಸ ಉಳಿಯಲಿಲ್ಲ. ಮನೆ ಖರ್ಚಿಗೆ ಸ್ವಲ್ಪ ಇಟ್ಟುಕೊಳ್ಳಲು ಅವಕಾಶವಿತ್ತು. ಇವತ್ತು ಕೆಫೆಗಳು ‘ಸಿಂಗಲ್ ಎಸ್ಟೇಟ್’ ಅಂತ ಕರೆಯುವ ಕಾಫಿಯನ್ನು ಅಷ್ಟೂ ವರ್ಷ ಕುಡಿದವರು ತೋಟದ ಮನೆಯವರು, ಅದೂ ಬಟ್ಟೆಯಲ್ಲಿ ಸೋಸಿ.

1992ರಿಂದ ಹಂತ ಹಂತವಾಗಿ ಬಿಗಿ ಸಡಿಲಿಸಿ, 1996ರ ಹೊತ್ತಿಗೆ ಬೆಳೆಗಾರರಿಗೆ ಪೂರ್ತಿ ಮಾರುವ ಸ್ವಾತಂತ್ರ್ಯ ಸಿಕ್ಕಿತು. ಆಮೇಲೆಯೇ ಪ್ಯಾಕೆಟ್ ಮೇಲೆ ತೋಟದ ಹೆಸರು, ತಳಿಯ ಹೆಸರು ಬರತೊಡಗಿದ್ದು. ನಾನು ಈ ವಾರ ಮಾಡುತ್ತಿರುವ ಪ್ಯಾಕೆಟ್ಟಿನ ಮೇಲೆ ಎಸ್.795 ಅಂತ ಇದೆ. ನಮ್ಮ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ 1940ರ ದಶಕದಲ್ಲಿ ಹೊರಬಂದ ಅರೇಬಿಕಾ ತಳಿ ಅದು. ಕಾಫಿಯೆಲ್ಲ ಪೂಲ್‌ನಲ್ಲಿ ಬೆರೆಯತೊಡಗಿದ ದಶಕವೂ ಅದೇ. ಹಾಲು, ಚಿಕೋರಿಯ ಕೆಳಗೆ ನಾವು ದಶಕಗಟ್ಟಲೆ ಕುಡಿದ ಬೀಜ ಅದೇ ಇದ್ದೀತು, ಆದರೆ ಹೆಸರು ಕೇಳಿದವರೆಷ್ಟು?

ಈ ಹೆಸರಿನ ಭಾಗ್ಯ ಎಲ್ಲರಿಗೂ ಬಂದಿಲ್ಲ. ಪ್ಯಾಕೆಟ್ಟಿನ ಮೇಲೆ ಕಾಣುವುದು ಹೆಚ್ಚಾಗಿ ತಮ್ಮದೇ ಪಲ್ಪರ್, ಕಣ, ಗೋಡೌನು ಇರುವ ದೊಡ್ಡ ಎಸ್ಟೇಟುಗಳು. ನಮ್ಮಲ್ಲಿ ಬಹುಪಾಲು ಬೆಳೆಗಾರರು ಸಣ್ಣ ಹಿಡುವಳಿಯವರು. ಮೂರೆಕರೆಯವರು ಅಂಗಳದಲ್ಲಿ ಒಣಗಿಸಿದ ಚೆರ್ರಿಯನ್ನು ಐವತ್ತು ಕಿಲೋ ಮೂಟೆಯ ಲೆಕ್ಕದಲ್ಲಿ ಊರಿನ ವ್ಯಾಪಾರಿಗೆ ಹಾಕುತ್ತಾರೆ, ಅದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇನ್ನೂರು ಜನರದ್ದರ ಜೊತೆ ಸೇರಿ ಈಗಲೂ ಮತ್ತೆ ಗ್ರೇಡ್ ಆಗುತ್ತದೆ.