ದಂಡನಾಯಕರ ತೆಂಗಿನ ಸೀಮೆ

ತಿಪಟೂರಿನ ಹೆಸರು ಹೇಳಿದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಕೊಬ್ಬರಿ. ಕಾಯಿಯನ್ನು ಅಟ್ಟಕ್ಕೇರಿಸಿ, ಹೆಚ್ಚುಕಡಿಮೆ ಒಂದು ವರ್ಷ ಕಾದು, ಒಳಗಿನ ನೀರು ಇಂಗಿ ತಿರುಳು ಚಿಪ್ಪು ಬಿಟ್ಟು ಗಡಗಡ ಅಲುಗುವಾಗ ಇಳಿಸಿ ಒಡೆದರೆ ಉಂಡೆ ಕೊಬ್ಬರಿ. ಅದು ಇಲ್ಲಿಂದ ಉತ್ತರ ಭಾರತದವರೆಗೂ ಹೋಗುತ್ತದೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಬದುಕು ನಡೆಯುವುದೂ ಇದೇ ತೋಟಗಳಿಂದಲೇ. ಈ ತೋಟಗಳ ನಡುವೆ ಇನ್ನೊಂದು ಫಸಲಿದೆ. ಏಳು ಶತಮಾನಗಳ ಹಿಂದೆ ಸೈನ್ಯದ ಅಧಿಕಾರಿಗಳು ಕಟ್ಟಿಸಿ ಬಿಟ್ಟುಹೋದ ಗುಡಿಗಳು, ಊರುಗಳು.

ತುರುವೇಕೆರೆ ಅಗ್ರಹಾರವಾಗಿ ಬೆಳೆದದ್ದು 13ನೇ ಶತಮಾನದಲ್ಲಿ, ಹೊಯ್ಸಳ ಮೂರನೇ ನರಸಿಂಹನ ಕಾಲದಲ್ಲಿ. ಅವನ ದಂಡನಾಯಕ ಸೋಮಣ್ಣ 1260ರ ಸುಮಾರಿಗೆ ಇಲ್ಲಿ ಚೆನ್ನಕೇಶವನಿಗೂ ಮೂಲೆ ಶಂಕರೇಶ್ವರನಿಗೂ ಗುಡಿ ಕಟ್ಟಿಸಿದ. ಹಳೇಬೀಡಿನ ವೈಭವವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಇವು ಚಿಕ್ಕವೆನಿಸಬಹುದು. ನನಗೆ ಇಷ್ಟವಾಗುವುದು ಆ ಚಿಕ್ಕತನವೇ. ಒಂದು ಊರು ದಿನವೂ ಪೂಜೆ ಮಾಡಿ ಸಂಭಾಳಿಸಬಲ್ಲಷ್ಟೇ ದೊಡ್ಡ ಗುಡಿಗಳು ಅವು. ಹರಿಗೊಂದು, ಹರನಿಗೊಂದು ಎಂದು ಒಬ್ಬನೇ ಸೇನಾನಿ ಎರಡನ್ನೂ ಕಟ್ಟಿಸಿದ್ದನ್ನು ನಾವು ಇಂದಿಗೂ ಗೌರವದಿಂದ ನೆನೆಯಬೇಕು. ಇದೇ ಊರಿನ ಗಂಗಾಧರೇಶ್ವರನ ಮುಂದೆ ಕಪ್ಪು ಕಲ್ಲಿನ ದೊಡ್ಡ ನಂದಿ ಕೂತಿದೆ. ಅದರ ಮೈಯ ನುಣುಪು ಇನ್ನೂ ಮಾಸಿಲ್ಲ.

ಆ ಕಾಲ ನೆಮ್ಮದಿಯದೇನೂ ಆಗಿರಲಿಲ್ಲ. ನರಸಿಂಹನ ತಂದೆ ಸೋಮೇಶ್ವರನ ನಂತರ ಹೊಯ್ಸಳ ರಾಜ್ಯ ಎರಡು ಪಾಲಾಗಿತ್ತು. ದೋರಸಮುದ್ರದಲ್ಲಿ (ಇಂದಿನ ಹಳೇಬೀಡು) ನರಸಿಂಹ, ತಮಿಳು ಸೀಮೆಯ ಕಣ್ಣನೂರಿನಲ್ಲಿ ಅವನ ಸೋದರ ರಾಮನಾಥ, ಇಬ್ಬರಿಗೂ ಜಗಳ. 1276ರಲ್ಲಿ ಉತ್ತರದಿಂದ ಸೇವುಣರ ಸೇನಾನಿ ಸಾಳುವ ತಿಕ್ಕಮ ದೋರಸಮುದ್ರದ ಮೇಲೇ ದಂಡೆತ್ತಿ ಬಂದ. ಹೀಗೆ ಎರಡು ಕಡೆಯಿಂದ ಕತ್ತಿ ಎದುರಿಸುತ್ತಿದ್ದ ರಾಜ್ಯದ ದಂಡನಾಯಕರು ಶಿಲ್ಪಿಗಳನ್ನು ಕರೆಸಿ ಗುಡಿ ಕಟ್ಟಿಸಿದರು, ಅಗ್ರಹಾರಗಳಿಗೆ ಭೂಮಿ ಬಿಡಿಸಿದರು. ದಂಡನಾಯಕ ಎಂದರೆ ಯುದ್ಧಕ್ಕಷ್ಟೇ ಸೀಮಿತನಾದವನಲ್ಲ. ಆಡಳಿತವೂ ಅವನ ಕೈಯಲ್ಲಿತ್ತು.

ಸೇನೆಯ ಕೆಲಸದ ಜೊತೆಗೆ ಇನ್ನೊಂದನ್ನು ಪ್ರೀತಿಸಿದ ಅಧಿಕಾರಿಗಳು ನಮ್ಮ ಕಾಲದಲ್ಲೂ ಆಗಿಹೋಗಿದ್ದಾರೆ. ಲೆಫ್ಟಿನೆಂಟ್ ಕರ್ನಲ್ ಹೇಮು ಅಧಿಕಾರಿ ಭಾರತಕ್ಕೆ 21 ಟೆಸ್ಟ್ ಆಡಿದರು, 1959ರಲ್ಲಿ ದೆಹಲಿಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ತಂಡವನ್ನೂ ಮುನ್ನಡೆಸಿದರು. 1971ರಲ್ಲಿ ಓವಲ್‌ನಲ್ಲಿ ನಮ್ಮ ಮೈಸೂರು ಸೀಮೆಯ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು ಮಣಿಸಿದಾಗ ತಂಡದ ಮ್ಯಾನೇಜರ್ ಅವರೇ. ಅವರು ಯಾವ ಠಾಣ್ಯದಲ್ಲಿ, ಯಾವ ಹುದ್ದೆಯಲ್ಲಿದ್ದರೆಂದು ಕ್ರಿಕೆಟ್ ಅಭಿಮಾನಿಗಳು ಕೇಳುವುದಿಲ್ಲ. ಸೋಮಣ್ಣನ ಮಟ್ಟಿಗೂ ಹಾಗೆಯೇ: ಅವನು ಗೆದ್ದ ಕಾಳಗಗಳ ಲೆಕ್ಕ ಊರಿನವರ ಬಾಯಲ್ಲಿಲ್ಲ, ಅವನ ಗುಡಿಗಳ ದಾರಿ ಎಲ್ಲರಿಗೂ ಗೊತ್ತು.

ಚಿಕ್ಕನಾಯಕನಹಳ್ಳಿಯ ಕಥೆ ಬೇರೆ, ತಡವಾಗಿ ಶುರುವಾದದ್ದು. ಅದು ಹಾಗಲವಾಡಿ ಪಾಳೆಯಗಾರರ ಊರು. ದಂಡನಾಯಕರ ಜಾಡು ಹಿಡಿಯುವವರು ತಿಪಟೂರು ತಾಲ್ಲೂಕಿನೊಳಗೇ ತಿರುಗಬೇಕು. ಅರಳಗುಪ್ಪೆಯ ಕಲ್ಲೇಶ್ವರ ಹೊಯ್ಸಳರಿಗಿಂತಲೂ ಹಳೆಯದು, 9ನೇ ಶತಮಾನದ್ದು. ಅದರ ಚಾವಣಿಯಲ್ಲಿ ಕುಣಿಯುವ ಶಿವ, ಸುತ್ತ ದಿಕ್ಪಾಲಕರು. ಕತ್ತು ನೋಯುವವರೆಗೆ ನೋಡಿದರೂ ಸಾಲದು. ಅದೇ ಊರಿನ ಚೆನ್ನಕೇಶವ ಗುಡಿಯಲ್ಲಿ ಶಿಲ್ಪಿ ಹೊನ್ನೋಜನ ಕೈ ಕಾಣುತ್ತದೆ.

ನೊಣವಿನಕೆರೆ ಕಡೆಯ ವಿಘ್ನಸಂತೆಯ ಲಕ್ಷ್ಮೀನರಸಿಂಹ ಗುಡಿಯನ್ನು ಯಾರೂ ತಪ್ಪಿಸಬಾರದು. ತಿಕ್ಕಮನ ದಂಡಯಾತ್ರೆಯಾಗಿ ಹತ್ತು ವರ್ಷಕ್ಕೆ, 1286ರಲ್ಲಿ, ಅಪ್ಪಯ್ಯ, ಗೋಪಾಲ, ಮಾಧವ ಎಂಬ ಮೂವರು ದಂಡನಾಯಕರು ಸೇರಿ ಕಟ್ಟಿಸಿದ, ಮೂರು ಗರ್ಭಗುಡಿಗಳ ತ್ರಿಕೂಟ ಅದು. ಮುಂದೆ ಕಾಲು ಶತಮಾನ ಕಳೆಯುವುದರೊಳಗೆ ದೆಹಲಿಯಿಂದ ಮಲಿಕ್ ಕಾಫರನ ಸೈನ್ಯ ದೋರಸಮುದ್ರಕ್ಕೆ ಬಂತು. ಹೊಯ್ಸಳರಿಗೆ ಆಮೇಲೆ ಹಳೆಯ ಬಲ ಮರಳಲಿಲ್ಲ. ವಿಘ್ನಸಂತೆ ಅವರ ಕೊನೆಯ ಒಳ್ಳೆಯ ದಿನಗಳ ಕೆಲಸ.