ಕಣದಿಂದ ತೇರಿನ ಬೀದಿಗೆ: ತುಮಕೂರು, ಗುಬ್ಬಿ, ಕುಣಿಗಲ್ ಪರಿಸರದ ಜಾತ್ರೆಗಳು

ತುಮಕೂರು ಸೀಮೆಯ ಹಿರಿಯ ರೈತರನ್ನು ‘ಪ್ರವಾಸ ಹೋಗಿದ್ದಿರಾ’ ಎಂದು ಕೇಳಿದರೆ ಹೆಚ್ಚಿನವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ‘ಯಾವ ಯಾವ ಜಾತ್ರೆಗೆ ಹೋಗುತ್ತಿದ್ದಿರಿ’ ಎಂದು ಕೇಳಿದರೆ ಮಾತು ಸುಲಭವಾಗಿ ಮುಗಿಯುವುದಿಲ್ಲ. ಕ್ಷೇತ್ರಕಾರ್ಯದಲ್ಲಿ ಮತ್ತೆ ಮತ್ತೆ ಎದುರಾದ ಈ ಅನುಭವವೇ ಪ್ರಸ್ತುತ ಲೇಖನಕ್ಕೆ ಪ್ರೇರಣೆ. ಮನೆ ಬಿಟ್ಟು ಹೊರಗೆ ಕಳೆಯುವ ದಿನಗಳಿಗೆ ಈ ಭಾಗದ ಜನ ಇಟ್ಟುಕೊಂಡಿದ್ದ ಹೆಸರು ಜಾತ್ರೆ. ಅದರೊಳಗೆ ಹರಕೆ, ವ್ಯಾಪಾರ, ನೆಂಟಸ್ತನ, ಮನರಂಜನೆ ಎಲ್ಲವೂ ಒಂದೇ ಗಾಡಿಯಲ್ಲಿ ಸಾಗುತ್ತಿದ್ದವು. ಜಾತ್ರೆಗಳನ್ನು ಕುರಿತ ನಮ್ಮ ಬರಹಗಳು ಬಹುಮಟ್ಟಿಗೆ ದೇವಾಲಯದ ಆಚರಣೆಗಳಲ್ಲೇ ನಿಂತಿರುವುದರಿಂದ, ದನಗಳ ಸಾಲು ಮತ್ತು ನಾಟಕದ ಡೇರೆ ಅಧ್ಯಯನದ ಅಂಚಿಗೆ ಸರಿದಿವೆ.

ಈ ಪರಿಸರದ ಮೂರು ದೊಡ್ಡ ಜಾತ್ರೆಗಳು ಒಂದೇ ಗುರುಪರಂಪರೆಗೆ ಸೇರಿದವು ಎಂಬುದು ಗಮನಾರ್ಹ. ತುಮಕೂರಿನ ಪಕ್ಕದ ಸಿದ್ಧಗಂಗೆಯು ಗೋಸಲ ಸಿದ್ಧೇಶ್ವರರನ್ನೂ, ಗುಬ್ಬಿಯು ಗೋಸಲ ಚನ್ನಬಸವೇಶ್ವರರನ್ನೂ, ಕುಣಿಗಲ್ ತಾಲ್ಲೂಕಿನ ಎಡೆಯೂರು ತೋಂಟದ ಸಿದ್ಧಲಿಂಗರನ್ನೂ ನೆನೆಯುತ್ತವೆ. ಸಿದ್ಧಲಿಂಗರಿಗೆ ಚನ್ನಬಸವೇಶ್ವರರೇ ಗುರುಗಳು. ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿದ್ದರಿಂದ ‘ತೋಂಟದ’ ಎಂಬ ವಿಶೇಷಣ ಬಂದಿತೆಂದು ಪರಂಪರೆ ಹೇಳುತ್ತದೆ. ಸಿದ್ಧಗಂಗೆಯ ಜಾತ್ರೆ ಮಾಘದ ಮಹಾಶಿವರಾತ್ರಿಗೆ, ಗುಬ್ಬಿಯದು ಫಾಲ್ಗುಣದಲ್ಲಿ, ಎಡೆಯೂರಿನದು ಯುಗಾದಿಯಾದ ಮೇಲೆ ಚೈತ್ರದಲ್ಲಿ. ದೇವರಾಯನದುರ್ಗದ ನರಸಿಂಹಸ್ವಾಮಿಯ ತೇರು ವೈಷ್ಣವ ಪರಂಪರೆಯದಾದರೂ ಅದೂ ಫಾಲ್ಗುಣದ ಹುಣ್ಣಿಮೆಗೇ ಬರುತ್ತದೆ. ಪಂಚಾಂಗದ ಈ ಸಾಲಿಗೆ ಧಾರ್ಮಿಕ ಕಾರಣಗಳಿವೆ, ನಿಜ. ಆದರೆ ಇದು ರಾಗಿಯ ಸೀಮೆ. ಒಕ್ಕಣೆ ಮುಗಿದು ರಾಗಿ ಮನೆ ಸೇರಿದ ಮೇಲೆ, ಮುಂಗಾರಿಗೆ ಮುನ್ನ ಬೀಳುವ ಮಳೆಗೆ ಹೊಲ ಹದವಾಗುವವರೆಗೆ ರೈತನಿಗೂ ಎತ್ತಿಗೂ ದೊರೆಯುವ ಬಿಡುವು ಈ ತಿಂಗಳುಗಳೇ. ಹಳೆಯ ಎತ್ತನ್ನು ಮಾರಿ ಹೊಸ ಜೋಡಿ ಕಟ್ಟಬೇಕಾದುದೂ ಬೇಸಾಯ ಆರಂಭವಾಗುವ ಮುನ್ನವೇ. ತೇರಿನ ತಿಥಿಯನ್ನು ದೇವರು ಗೊತ್ತುಮಾಡಿದ್ದರೂ ಅಲ್ಲಿಗೆ ಹೋಗಲು ಅವಕಾಶ ಮಾಡಿಕೊಟ್ಟದ್ದು ಕಣ.

ಸಿದ್ಧಗಂಗೆಯ ದನಗಳ ಜಾತ್ರೆ ತೇರಿಗಿಂತ ಮುಂಚೆಯೇ ಕಟ್ಟುತ್ತದೆ. ಉಳ್ಳವರು ಚಪ್ಪರ ಹಾಕಿ, ಹಳ್ಳಿಕಾರ್ ತಳಿಯ ಜೋಡಿಗಳನ್ನು ಸಿಂಗರಿಸಿ, ವಾದ್ಯದೊಡನೆ ಮೆರವಣಿಗೆಯಲ್ಲಿ ತರುತ್ತಾರೆ. ಉಳಿದವರು ಮರದ ನೆರಳು ಹುಡುಕಿ ಗೂಟ ಹೊಡೆಯುತ್ತಾರೆ. ಕೊಳ್ಳುವವನು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ: ಹಾಲುಹಲ್ಲು, ಎರಡಲ್ಲು, ನಾಲ್ಕಲ್ಲು, ಆರಲ್ಲು, ಕೊನೆಗೆ ಬಾಯಿಗೂಡಿದ್ದು. ಅನಂತರ ಸುಳಿ ನೋಡಬೇಕು. ಯಾವ ಸುಳಿ ಮನೆಗೆ ಆಗಿಬರುತ್ತದೆ, ಯಾವುದು ಒಡೆಯನಿಗೆ ಕೇಡು ಎಂಬ ವಿಚಾರದಲ್ಲಿ ಇಬ್ಬರು ಹಿರಿಯರ ಅಭಿಪ್ರಾಯ ಒಂದೇ ಆಗಿರುವುದು ಅಪರೂಪ. ಮೂರನೆಯದು ನಡಿಗೆ. ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲಿನ ಮರೆಯಲ್ಲಿ ದಲ್ಲಾಳಿ ಬೆರಳು ಹಿಡಿದು ತಿಳಿಸುತ್ತಾನೆ. ಸುತ್ತ ನಿಂತವರಿಗೆ ಮುಖದ ಚರ್ಯೆಯಷ್ಟೇ ಕಾಣುತ್ತದೆ. ಬರಹಕ್ಕೆ ಬಾರದ ಒಂದು ಲೆಕ್ಕಶಾಸ್ತ್ರವೇ ಇಲ್ಲಿದೆ.

ಇಂತಹ ಜಾತ್ರೆಯಲ್ಲಿ ಹಲವು ದಿನ ತಂಗಲು ಸಾಧ್ಯವಾದುದರಲ್ಲಿ ದಾಸೋಹದ ಪಾತ್ರವೂ ಇದೆ. ಸುಗ್ಗಿಯಲ್ಲಿ ಮಠಕ್ಕೆ ರಾಗಿ, ಅಕ್ಕಿ ಒಪ್ಪಿಸಿದ ರೈತ ಜಾತ್ರೆಯಲ್ಲಿ ಅದೇ ಮಠದ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದನು. 1941ರಿಂದ ಮಠವನ್ನು ಮುನ್ನಡೆಸಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಜಾತ್ರೆಯ ಜೊತೆಗೆ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನವೂ ಬೆಳೆಯಿತು. ಎತ್ತು ಕೊಳ್ಳಲು ಬಂದವನು ಹೊಸ ಬೀಜವನ್ನೂ ಯಂತ್ರವನ್ನೂ ಅಲ್ಲಿಯೇ ಕಂಡನು.

ಹೆಂಗಸರ ಜಾತ್ರೆ ಬೇರೆ. ದನಗಳ ಸಾಲಿನಲ್ಲಿ ಅವರಿಗೆ ಕೆಲಸವಿರಲಿಲ್ಲ. ತೇರಿನ ದಿನ ಬಾಳೆಹಣ್ಣಿಗೆ ದವನ ಸಿಕ್ಕಿಸಿ ರಥಕ್ಕೆ ಎಸೆಯುವುದು, ಬಳೆ ತೊಡುವುದು, ಕಡ್ಲೆಪುರಿ ಬತ್ತಾಸು ಕಟ್ಟಿಸಿಕೊಳ್ಳುವುದು, ಎಲ್ಲಕ್ಕಿಂತ ಮಿಗಿಲಾಗಿ ತವರಿನವರನ್ನು ಕಾಣುವುದು. ಹೆಣ್ಣುಮಕ್ಕಳ ಪಾಲಿಗೆ ಜಾತ್ರೆಯೆಂದರೆ ತವರಿನವರು ಸಿಗುವ ಜಾಗ. ಈ ಮಗ್ಗುಲನ್ನು ನನ್ನ ಆರಂಭದ ಕ್ಷೇತ್ರಕಾರ್ಯದಲ್ಲಿ ನಾನೂ ಕಡೆಗಣಿಸಿದ್ದೆ. ಗಂಡಸರು ದನದ ಬೆಲೆ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ.

ಗುಬ್ಬಿಯ ವಿಷಯದಲ್ಲಿ ಇನ್ನೊಂದು ಮಾತು ಹೇಳಬೇಕಿದೆ. 1884ರಲ್ಲಿ ಚಂದಣ್ಣ ಮತ್ತು ಸಂಗಡಿಗರು ಕಟ್ಟಿದ ನಾಟಕ ಮಂಡಳಿ ತನ್ನನ್ನು ‘ಚನ್ನಬಸವೇಶ್ವರ ಸ್ವಾಮಿ ಕೃಪಾಪೋಷಿತ’ ಎಂದು ಕರೆದುಕೊಂಡಿತು. ವೃತ್ತಿರಂಗಭೂಮಿಯ ಚರಿತ್ರೆಕಾರರು ಪಾರ್ಸಿ ಕಂಪನಿಗಳ ಪ್ರಭಾವವನ್ನೂ ಮೈಸೂರು ಅರಮನೆಯ ಆಶ್ರಯವನ್ನೂ ವಿವರವಾಗಿ ಹೇಳುತ್ತಾರೆ. ಆದರೆ ಈ ಹೆಸರು ಸೂಚಿಸುವ ಪೋಷಕ ರಾಜನಲ್ಲ, ಊರ ಜಾತ್ರೆಯ ದೇವರು. ದನ ಮಾರಿದ ಹಣ ಸೊಂಟದಲ್ಲಿರುವಾಗ, ರಾತ್ರಿ ಕಳೆಯಲು ಬೇರೆ ದಾರಿಯಿಲ್ಲದೆ ಬೆಳಗಿನವರೆಗೆ ಕೂರಲು ಸಿದ್ಧನಿದ್ದ ಪ್ರೇಕ್ಷಕನನ್ನು ಜಾತ್ರೆ ಒದಗಿಸಿಕೊಟ್ಟಿತು. ಬಾಲನಟನಾಗಿ ಈ ಕಂಪನಿ ಸೇರಿ ಮುಂದೆ ಅದರ ಒಡೆಯರಾದ ಗುಬ್ಬಿ ವೀರಣ್ಣನವರು (1891–1972) ‘ಕುರುಕ್ಷೇತ್ರ’ ನಾಟಕದಲ್ಲಿ ಆನೆ, ಕುದುರೆಗಳನ್ನು ರಂಗಕ್ಕೆ ತಂದುದನ್ನು ಸಾಹಸವೆಂದು ವರ್ಣಿಸುವುದುಂಟು. ಮೆರವಣಿಗೆ ನೋಡಿ ಬೆಳೆದ ಪ್ರೇಕ್ಷಕನಿಗೆ ಅದು ಪರಿಚಿತ ವೈಭವವೇ ಆಗಿತ್ತೆಂದು ನನಗನ್ನಿಸುತ್ತದೆ. 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ಗುಬ್ಬಿಗಳನ್ನು ಹಾದು ಹರಿಹರದತ್ತ ಸಾಗಿದ ರೈಲುಮಾರ್ಗ ಪರದೆ, ಪೆಟ್ಟಿಗೆಗಳನ್ನು ದೂರದ ಕ್ಯಾಂಪುಗಳಿಗೆ ಸಾಗಿಸುವುದನ್ನು ಸುಲಭಗೊಳಿಸಿತು. ಕುಣಿಗಲ್ಲಿಗೆ ರೈಲು ಬಂದುದು 2017ರಲ್ಲಿ. ಎಡೆಯೂರಿನ ಜಾತ್ರೆ ಬಹುಕಾಲ ಗಾಡಿಯ ಜಾತ್ರೆಯಾಗಿಯೇ ಉಳಿಯಿತು.

ಮೇಲಿನ ವಿವರಣೆಗೆ ಒಗ್ಗದ ಒಂದು ಉತ್ಸವವೂ ಇಲ್ಲಿದೆ. ತುಮಕೂರಿಗೆ ಸಮೀಪದ ಗೂಳೂರಿನಲ್ಲಿ ಗಣೇಶ ಚತುರ್ಥಿಯಂದು ಮಣ್ಣಿನ ಮಹಾಗಣಪತಿಯನ್ನು ರೂಪಿಸಲು ತೊಡಗಿ, ಬಲಿಪಾಡ್ಯಮಿಗೆ ಪ್ರತಿಷ್ಠಾಪಿಸಿ, ಕಾರ್ತಿಕವೆಲ್ಲ ಪೂಜಿಸಿ, ಬಳಿಕ ಬಾಣಬಿರುಸುಗಳ ನಡುವೆ ಊರ ಕೆರೆಯಲ್ಲಿ ಬಿಡುತ್ತಾರೆ. ಆಗ ರಾಗಿ ಇನ್ನೂ ಹೊಲದಲ್ಲೋ ಮೆದೆಯಲ್ಲೋ ಇರುತ್ತದೆ. ರೈತ ಮನೆ ಬಿಟ್ಟು ವಾರಗಟ್ಟಲೆ ಇರಲಾರ. ಅದಕ್ಕೆ ತಕ್ಕಂತೆ ಗೂಳೂರಿನದು ಸಂಜೆ ಹೋಗಿ ಬರುವ ಜಾತ್ರೆ. ದನಗಳ ಸಾಲು, ಬಿಡಾರ ಅಲ್ಲಿನ ಲಕ್ಷಣವಲ್ಲ.

ಟ್ರ್ಯಾಕ್ಟರು ಬಂದ ಮೇಲೆ ಉಳುವ ಎತ್ತಿನ ಅಗತ್ಯ ಕುಗ್ಗಿತು. 2022–23ರಲ್ಲಿ ಚರ್ಮಗಂಟು ರೋಗ ಹರಡಿದಾಗ ರಾಜ್ಯದ ಹಲವೆಡೆ ದನಗಳ ಜಾತ್ರೆ, ಸಂತೆಗಳಿಗೆ ತಡೆ ಬಿತ್ತು. ನಾಟಕ ಡೇರೆಯಿಂದ ಸಭಾಂಗಣಕ್ಕೆ ಸೇರಿ, ತುಮಕೂರಿನ ಕಲಾಕ್ಷೇತ್ರಕ್ಕೆ ವೀರಣ್ಣನವರ ಹೆಸರಿದೆ. ಎಡೆಯೂರು ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿದೆ. ಧರ್ಮಸ್ಥಳಕ್ಕೋ ಹಾಸನಕ್ಕೋ ಹೋಗುವವರು ಕಾರು ನಿಲ್ಲಿಸಿ, ದರ್ಶನ ಮಾಡಿ, ಪ್ರಸಾದ ಉಂಡು ಮುಂದೆ ಸಾಗುತ್ತಾರೆ. ತೇರಿನ ದಿನದ ಜನಸಂದಣಿಗೆ ಕೊರತೆಯಿಲ್ಲ. ಕಡಿಮೆಯಾಗಿರುವುದು ತಂಗುವ ದಿನಗಳು. ಗೂಟದ ಪಕ್ಕದಲ್ಲಿ ರಾತ್ರಿಯಿಡೀ ಕುಳಿತವನಿಗೆ ಕೇಳುತ್ತಿದ್ದ ಮಾತು ಅರ್ಧ ಗಂಟೆಯ ಭೇಟಿಯಲ್ಲಿ ಸಿಗುವಂತಹುದಲ್ಲ. ಸುಳಿಗಳ ಹೆಸರು, ಅವುಗಳಿರುವ ಜಾಗ, ಟವೆಲಿನ ಕೆಳಗಿನ ಬೆರಳ ಲೆಕ್ಕ ಇವನ್ನು ಬಲ್ಲ ಹಿರಿಯರು ಈ ಮೂರೂ ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ಬರುವ ಶಿವರಾತ್ರಿಯಿಂದಲೇ ದಾಖಲಾತಿ ಆರಂಭಿಸಬಹುದು.