ಕಬ್ಬಿಣದ ಮಾತ್ರೆ ನುಂಗಿದರೂ ರಕ್ತಹೀನತೆ ಯಾಕೆ ಹೋಗಲ್ಲ?

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುತ್ತಿದ್ದ ನೀಲಿ ಮಾತ್ರೆ ನೆನಪಿದೆಯಾ? ಕೆಲವರು ನುಂಗಿರುತ್ತೀರಿ, ಕೆಲವರು ಹೊಟ್ಟೆ ತೊಳೆಸುತ್ತೆ ಅಂತ ಕಿಟಕಿಯಾಚೆ ಎಸೆದಿರುತ್ತೀರಿ. ಈಗ ಆ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಇದೆ. ಆದರೆ ನಮ್ಮ ದೇಹ ದಿನಕ್ಕೆ ಕರುಳಿನಿಂದ ಒಳಗೆ ತೆಗೆದುಕೊಳ್ಳೋದು ಸಾಮಾನ್ಯವಾಗಿ ಒಂದೆರಡು ಮಿಲಿಗ್ರಾಂ ಅಷ್ಟೇ. ಕೊರತೆ ಇದ್ದಾಗ ಇದು ಹೆಚ್ಚುತ್ತೆ ನಿಜ, ಆದರೂ ಮಾತ್ರೆಯ ಬಹುಪಾಲು ಮಲದಲ್ಲೇ ಹೊರಹೋಗುತ್ತೆ.

ವಯಸ್ಕರ ದೇಹದಲ್ಲಿರೋದು ಒಟ್ಟು 3ರಿಂದ 4 ಗ್ರಾಂ ಕಬ್ಬಿಣ. ಅದರ ಮೂರನೇ ಎರಡರಷ್ಟು ಹೀಮೋಗ್ಲೋಬಿನ್‌ನಲ್ಲಿ ಆಮ್ಲಜನಕ ಹೊರುತ್ತಿರುತ್ತೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಮುಪ್ಪಾದ ಕಣಗಳನ್ನು ಗುಲ್ಮ ಮತ್ತು ಯಕೃತ್ತಿನ ಜೀವಕೋಶಗಳು ಒಡೆದು, ದಿನಕ್ಕೆ 20-25 ಮಿಲಿಗ್ರಾಂ ಕಬ್ಬಿಣ ವಾಪಸ್ ಬಳಕೆಗೆ ಕೊಡುತ್ತವೆ. ಅಂದರೆ ಈ ಸಂಸಾರ ನಡೆಯೋದು ಹಳೇ ಕಬ್ಬಿಣದ ಮೇಲೆ.

ವಿಚಿತ್ರ ಏನಂದ್ರೆ, ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ವ್ಯವಸ್ಥೆ ನಮ್ಮ ದೇಹಕ್ಕಿಲ್ಲ. ಉದುರುವ ಜೀವಕೋಶ, ಮುಟ್ಟು, ಗಾಯ, ಹೆರಿಗೆ ಇವುಗಳಲ್ಲಿ ಹೋದಷ್ಟೇ. ಹಾಗಾಗಿ ನಿಯಂತ್ರಣವೆಲ್ಲ ಒಳಬರುವ ಬಾಗಿಲಲ್ಲೇ ನಡೆಯಬೇಕು. ಕರುಳಿನ ಜೀವಕೋಶದಿಂದ ಕಬ್ಬಿಣ ರಕ್ತಕ್ಕೆ ದಾಟುವ ಬಾಗಿಲು ಫೆರೊಪೋರ್ಟಿನ್. ಅದನ್ನು ಮುಚ್ಚಿಸುವುದು ಯಕೃತ್ತು ಸ್ರವಿಸುವ ಹೆಪ್ಸಿಡಿನ್ ಎಂಬ ಹಾರ್ಮೋನ್. ವಿಜ್ಞಾನಿಗಳು ಇದನ್ನು ಪತ್ತೆ ಮಾಡಿದ್ದು 2000ದ ಆಸುಪಾಸಿನಲ್ಲಿ, ಅಂದರೆ ಮೊನ್ನೆ ಮೊನ್ನೆ. ದಾಸ್ತಾನು ಸಾಕಷ್ಟಿದ್ದರೆ ಹೆಪ್ಸಿಡಿನ್ ಏರುತ್ತೆ, ಬಾಗಿಲು ಮುಚ್ಚುತ್ತೆ. ಕೊರತೆಯಾದರೆ ಇಳಿಯುತ್ತೆ, ಬಾಗಿಲು ತೆರೆಯುತ್ತೆ.

ಇಲ್ಲಿಂದ ಮುಂದಿನದು ರಾಜಕೀಯ. ಸೋಂಕು ತಗುಲಿದಾಗಲೂ ಹೆಪ್ಸಿಡಿನ್ ಏರುತ್ತೆ. ಬ್ಯಾಕ್ಟೀರಿಯಾಕ್ಕೂ ಕಬ್ಬಿಣ ಬೇಕು, ಅದಕ್ಕೆ ಸಿಗದಿರಲಿ ಅಂತ ದೇಹ ಕಬ್ಬಿಣವನ್ನು ಬಚ್ಚಿಡುತ್ತೆ. ಕೊಳಕು ನೀರು ಕುಡಿದು ತಿಂಗಳಿಗೊಮ್ಮೆ ಭೇದಿ, ಜ್ವರ ಅಂತ ಮಲಗುವ ಮಗುವಿನಲ್ಲಿ ಈ ಬಾಗಿಲು ಪದೇ ಪದೇ ಮುಚ್ಚಿಕೊಳ್ಳುತ್ತೆ. ಆ ಮಗುವಿಗೆ ಎಷ್ಟು ಸಿರಪ್ ಕುಡಿಸಿದರೂ ಪೂರ್ತಿ ಲಾಭ ಸಿಗಲ್ಲ. ತಾಂಜಾನಿಯಾದ ಪೆಂಬಾ ದ್ವೀಪದಲ್ಲಿ ಮಲೇರಿಯಾ ಹೆಚ್ಚಿದ್ದ ಕಡೆ ಮಕ್ಕಳಿಗೆ ಕಬ್ಬಿಣ, ಫೋಲಿಕ್ ಆಮ್ಲ ಕೊಟ್ಟು ನೋಡಿದಾಗ ತೀವ್ರ ಕಾಯಿಲೆ ಮತ್ತು ಸಾವು ಹೆಚ್ಚಿದವು. ಪ್ರಯೋಗದ ಆ ಭಾಗವನ್ನೇ ನಿಲ್ಲಿಸಬೇಕಾಯಿತು. ಅದು ವರದಿಯಾದದ್ದು 2006ರಲ್ಲಿ. ನಲ್ಲಿ ನೀರು, ಶೌಚಾಲಯ, ಮಲೇರಿಯಾ ನಿಯಂತ್ರಣ ಇವೂ ರಕ್ತಹೀನತೆಯ ಕಾರ್ಯಕ್ರಮಗಳೇ. ಬಜೆಟ್‌ನಲ್ಲಿ ಮಾತ್ರ ಬೇರೆ ಬೇರೆ ಇಲಾಖೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5 (2019-21) ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 53 ಇತ್ತು. ಈ ಅಂಕಿಗಳ ಬಗ್ಗೆ ತಕರಾರೂ ಇದೆ. ಈ ಸಮೀಕ್ಷೆಗಳಲ್ಲಿ ಬೆರಳ ತುದಿ ಚುಚ್ಚಿ ರಕ್ತ ತೆಗೆದಿದ್ದರು. ರಕ್ತನಾಳದಿಂದ ತೆಗೆದು ನೋಡಿದಾಗ ಪ್ರಮಾಣ ಕಡಿಮೆ ಬರುತ್ತೆ ಅನ್ನೋದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಅನುರಾ ಕುರ್ಪಾಡ್ ಮುಂತಾದವರ ವಾದ. ನನಗೆ ಇದು ಸರಿ ಅನ್ನಿಸುತ್ತೆ, ಆದರೆ ಇದನ್ನೇ ನೆಪ ಮಾಡಿಕೊಂಡು ಸಮಸ್ಯೆಯೇ ಇಲ್ಲ ಅನ್ನೋರ ಬಗ್ಗೆ ಹುಷಾರಾಗಿರಬೇಕು. ಇನ್ನೊಂದು ಮಾತು: ಎಲ್ಲ ರಕ್ತಹೀನತೆಯೂ ಕಬ್ಬಿಣದ ಕೊರತೆಯಲ್ಲ. ಬಿ12, ಫೋಲೇಟ್ ಕೊರತೆ, ಥಲಸ್ಸೀಮಿಯಾ, ಸಿಕಲ್ ಸೆಲ್ ಕೂಡ ಕಾರಣ ಇರಬಹುದು.

ಪಡಿತರದ ಸಾರವರ್ಧಿತ ಅಕ್ಕಿಯ ಪ್ರಶ್ನೆ ಬರೋದು ಇಲ್ಲೇ. ಥಲಸ್ಸೀಮಿಯಾ ರೋಗಿಗಳಿಗೆ ಪದೇ ಪದೇ ರಕ್ತ ಕೊಡಬೇಕು, ಅದರಿಂದಲೇ ಅವರ ಯಕೃತ್ತು, ಹೃದಯದಲ್ಲಿ ಕಬ್ಬಿಣ ತುಂಬಿಕೊಳ್ಳುತ್ತೆ. ಕಬ್ಬಿಣ ಸೇರಿಸಿದ ಆಹಾರವನ್ನು ಇವರು ವೈದ್ಯರ ನಿಗಾದಲ್ಲೇ ತಿನ್ನಬೇಕು, ಸಿಕಲ್ ಸೆಲ್ ಇರುವವರು ತಿನ್ನಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮವೇ ಎಚ್ಚರಿಸಿತ್ತು. ಸೊಸೈಟಿ ಮುಂದೆ ಸಾಲಲ್ಲಿ ನಿಂತು ಚೀಲಕ್ಕೆ ಸುರಿಸಿಕೊಳ್ಳುವ ಅಕ್ಕಿಗೆ ಲೇಬಲ್ ಎಲ್ಲಿಂದ ಬರಬೇಕು?

ಮೊಟ್ಟೆ ಪರ ವಾದ ಮಾಡುವ ನಮ್ಮವರಿಗೊಂದು ಮಾತು. ಶಾಲೆಯಲ್ಲಿ ಮೊಟ್ಟೆ ಬೇಕೇ ಬೇಕು, ಆದರೆ ಪ್ರೋಟೀನ್ ಮತ್ತು ಬಿ12ಗಾಗಿ. ಮೊಟ್ಟೆಯ ಕಬ್ಬಿಣ ದೇಹಕ್ಕೆ ಸರಿಯಾಗಿ ಹತ್ತಲ್ಲ. ಸುಲಭವಾಗಿ ಹತ್ತೋದು ಮಾಂಸ, ಲಿವರ್, ಮೀನಿನದು. ಸೊಪ್ಪು, ಕಾಳು, ರಾಗಿಯ ಕಬ್ಬಿಣಕ್ಕೆ ನಿಂಬೆಹಣ್ಣು, ನೆಲ್ಲಿಕಾಯಿ ಜೊತೆಯಾದರೆ ಒಳ್ಳೇದು. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಇದ್ದದ್ದೂ ಹೋಯ್ತು.

ಮಾತ್ರೆಯ ವಿಷಯಕ್ಕೆ ಬಂದರೆ, ಒಂದು ದೊಡ್ಡ ಡೋಸ್ ನುಂಗಿದ ಮೇಲೆ ಹೆಪ್ಸಿಡಿನ್ ಸುಮಾರು ಒಂದು ದಿನ ಏರಿಯೇ ಇರುತ್ತೆ. ಹಾಗಾಗಿ ದಿನ ಬಿಟ್ಟು ದಿನ ನುಂಗಿದರೆ ಪ್ರತಿ ಮಾತ್ರೆಯಿಂದ ಹೆಚ್ಚು ಕಬ್ಬಿಣ ಸಿಗುತ್ತೆ ಅಂತ ಜ್ಯೂರಿಕ್‌ನ ಸಂಶೋಧಕರು ಯುವತಿಯರಲ್ಲಿ ತೋರಿಸಿದ್ದಾರೆ. ಗರ್ಭಿಣಿಯರು ಮಾತ್ರ ವೈದ್ಯರನ್ನು ಕೇಳದೆ ಹೀಗೆ ಬದಲಿಸಬಾರದು. ಹೀಮೋಗ್ಲೋಬಿನ್ ಕಡಿಮೆ ಬಂದರೆ ಫೆರಿಟಿನ್ ಪರೀಕ್ಷೆಯೂ ಮಾಡಿಸಿ. ದಾಸ್ತಾನು ಎಷ್ಟಿದೆ ಅಂತ ಅದರಿಂದ ತಿಳಿಯುತ್ತೆ. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಏರಿ ಕೊರತೆಯನ್ನು ಮರೆಮಾಚುತ್ತೆ, ಅದಕ್ಕೆ ವಾಸಿಯಾದ ಮೇಲೆ ಮಾಡಿಸುವುದು ಉತ್ತಮ.